ನೈಟ್ ಆಫ್ ದಿ ಲಿವಿಂಗ್ ಡೆಡ್: ಇಷ್ಟೊಂದು ಪ್ರತಿಗಳಲ್ಲಿ ನೋಡಬೇಕಾದದ್ದು ಯಾವುದು?

ಸತ್ತವರು ಎದ್ದುಬಂದು ಬದುಕಿರುವವರನ್ನು ತಿನ್ನುವ ಕಥೆಯ, ಜಾರ್ಜ್ ರೊಮೆರೊ 1968ರಲ್ಲಿ ಹೊರತಂದ ಅಮೆರಿಕದ ಹಾರರ್ ಸಿನಿಮಾ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ನೋಡೋಣವೆಂದು ಹುಡುಕಲು ಕೂತರೆ ಹೆಣಗಳಿಗಿಂತ ಮೊದಲು ಪ್ರತಿಗಳೇ ಬಂದು ಮುತ್ತಿಕೊಳ್ಳುತ್ತವೆ. ಕಪ್ಪು-ಬಿಳುಪಿನವು, ಬಣ್ಣ ಹಚ್ಚಿದವು, ‘30ನೇ ವರ್ಷದ ಆವೃತ್ತಿ’ ಎಂಬುದೊಂದು, ಅದೇ ಹೆಸರಿನ 1990ರ ರೀಮೇಕ್, 2006ರ ಒಂದು 3ಡಿ. ಹೆಸರು ಒಂದೇ ಆಗಿರುವುದರಿಂದ ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೊದಲ ಸಲ ನೋಡುವವರು ಕೈಗೆ ಸಿಕ್ಕಿದ ಪ್ರತಿ ಹಾಕಿಕೊಂಡು, ಸ್ವಲ್ಪ ಹೊತ್ತಿಗೇ ಆಕಳಿಸಿ, ‘ಇದಕ್ಕಾ ಅಷ್ಟೊಂದು ಹೆಸರು?’ ಎಂದು ಎದ್ದುಹೋಗುವುದು ಬಹಳ ಸುಲಭ.

ಪುರಸೊತ್ತಿಲ್ಲದವರಿಗೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಮೂಲ ನೆಗೆಟಿವ್‌ನಿಂದ ದುರಸ್ತಿಯಾಗಿ 2016ರಲ್ಲಿ ಪ್ರದರ್ಶನಗೊಂಡ ಕಪ್ಪು-ಬಿಳುಪಿನ ಪ್ರತಿಯನ್ನು ನೋಡಿ. ಅದು ಹಿಡಿಸಿದರೆ 1990ರ ರೀಮೇಕ್ ನೋಡಿ. ಬಣ್ಣದ್ದನ್ನು ಬೇಕಿದ್ದರೆ ಕುತೂಹಲಕ್ಕೆ ಹತ್ತು ನಿಮಿಷ ನೋಡಬಹುದು. 30ನೇ ವರ್ಷದ್ದರ ಹತ್ತಿರ ಹೋಗಬೇಡಿ. ಯಾಕೆ ಎಂದು ಕೇಳುವವರಿಗೆ ಮುಂದಿನ ಮಾತು.

ಒಂದು ಸಾಲು ಬಿಟ್ಟುಹೋದದ್ದರ ಫಲ

ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದವರು. ಹಾಲಿವುಡ್ಡಿನ ಗಾಳಿಗಂಧ ಇಲ್ಲದ ಊರು ಅದು. ತಾವೂ ದುಡ್ಡು ಹಾಕಿ, ಪರಿಚಯದವರಿಂದಲೂ ಹಾಕಿಸಿ ‘ಇಮೇಜ್ ಟೆನ್’ ಎಂಬ ಸಂಸ್ಥೆ ಕಟ್ಟಿಕೊಂಡು, ಒಟ್ಟು ಸುಮಾರು 1,14,000 ಡಾಲರಿನಲ್ಲಿ ಸಿನಿಮಾ ಮುಗಿಸಿದರು. ಚಿತ್ರೀಕರಣ ನಡೆದದ್ದು 1967ರಲ್ಲಿ, ಪೆನ್ಸಿಲ್ವೇನಿಯಾದ ಇವಾನ್ಸ್ ಸಿಟಿಯ ಸ್ಮಶಾನದಲ್ಲಿ ಮತ್ತು ಅಲ್ಲೇ ಸುತ್ತಮುತ್ತ, ಇನ್ನೇನು ಕೆಡವಲಿದ್ದ ಒಂದು ತೋಟದ ಮನೆಯಲ್ಲಿ. ಕೆಡವುವ ಮನೆಯಾದ್ದರಿಂದ ಮೊಳೆ ಹೊಡೆಯಲು, ಕಿಟಕಿ ಒಡೆಯಲು ಯಾರನ್ನೂ ಕೇಳಬೇಕಿರಲಿಲ್ಲ.

ಸಿನಿಮಾಕ್ಕೆ ಅವರಿಟ್ಟ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ವಿತರಣೆಗೆ ತೆಗೆದುಕೊಂಡ ವಾಲ್ಟರ್ ರೀಡ್ ಸಂಸ್ಥೆ ಹೆಸರು ಬದಲಿಸಿತು. ಹೊಸ ಶೀರ್ಷಿಕೆ ಕೂರಿಸುವಾಗ ಹಳೆಯದರ ಜೊತೆಗಿದ್ದ ಕಾಪಿರೈಟ್ ಸಾಲು ಕೂಡ ಹಾರಿಹೋಯಿತು. ಹಕ್ಕಿನ ಸೂಚನೆ ಇಲ್ಲದೆ ಹೊರಬಂದ ಕೃತಿಗೆ ಹಕ್ಕೇ ಇಲ್ಲ ಎನ್ನುತ್ತಿತ್ತು ಆಗಿನ ಅಮೆರಿಕದ ಕಾನೂನು. ಹೀಗಾಗಿ 1968ರ ಅಕ್ಟೋಬರ್ 1ರಂದು ಪಿಟ್ಸ್‌ಬರ್ಗ್‌ನ ಫುಲ್ಟನ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ಕಂಡ ಸಿನಿಮಾ ಅಲ್ಲಿ ಎಲ್ಲರ ಸ್ವತ್ತಾಯಿತು. ಕೋಟಿಗಟ್ಟಲೆ ಡಾಲರ್ ಬಾಚಿತು. ಮಾಡಿದವರ ಕೈಗೆ ಸಿಕ್ಕಿದ್ದು ಅದರಲ್ಲಿ ತೀರಾ ಸ್ವಲ್ಪ.

ಆದರೆ ಅದೇ ಕಾರಣಕ್ಕೆ ಸಿನಿಮಾ ಸಾಯಲೇ ಇಲ್ಲ. ತಡರಾತ್ರಿ ಏನಾದರೂ ಹಾಕಬೇಕಾದ ಟಿವಿ ಚಾನೆಲ್ಲಿಗೂ ಅಗ್ಗದ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಮಾರುವವನಿಗೂ ಇದಕ್ಕಿಂತ ಒಳ್ಳೆಯ ಸರಕು ಬೇರೆ ಇರಲಿಲ್ಲ. ಪ್ರತಿಯಿಂದ ಪ್ರತಿ, ಅದರಿಂದ ಮತ್ತೊಂದು. ಚಿತ್ರ ಮಸುಕಾಗುತ್ತ ಹೋಯಿತು, ನೋಡುವವರು ಹೆಚ್ಚುತ್ತ ಹೋದರು. ಇಂದು ಉಚಿತವಾಗಿ ಸಿಗುವ ಪ್ರತಿಗಳಲ್ಲಿ ಎಷ್ಟೋ ಆ ಸಂತತಿಯವೇ.

ಸಿನಿಮಾ ನಿಂತಿರುವುದು ಯಾವುದರ ಮೇಲೆ

ನಮ್ಮ ದೆವ್ವದ ಸಿನಿಮಾಗಳಲ್ಲಿ ಸಾಮಾನ್ಯವಾಗಿ ದೆವ್ವಕ್ಕೊಂದು ಹಿಂದಿನ ಕಥೆ ಇರುತ್ತದೆ. ಯಾರೋ ಅನ್ಯಾಯ ಮಾಡಿರುತ್ತಾರೆ, ಅದು ಸೇಡಿಗೆ ಬಂದಿರುತ್ತದೆ, ಇಂಟರ್‌ವಲ್ ಆದಮೇಲೆ ಫ್ಲ್ಯಾಶ್‌ಬ್ಯಾಕಿನಲ್ಲಿ ಎಲ್ಲ ತಿಳಿಯುತ್ತದೆ, ಒಬ್ಬ ಮಂತ್ರವಾದಿ ಬರುತ್ತಾನೆ. ಲೆಕ್ಕ ಚುಕ್ತಾ ಆದರೆ ದೆವ್ವ ಹೋಗುತ್ತದೆ. ರೊಮೆರೊನ ಹೆಣಗಳಿಗೆ ಯಾರ ಮೇಲೂ ಸಿಟ್ಟಿಲ್ಲ, ಯಾರಿಂದಲೂ ಏನೂ ಬಾಕಿ ಬರಬೇಕಿಲ್ಲ. ಎದ್ದಿವೆ, ಹಸಿದಿವೆ, ನಡೆದು ಬರುತ್ತಿವೆ, ಅಷ್ಟೆ. ಶುಕ್ರಗ್ರಹದಿಂದ ಹಿಂದಿರುಗಿದ ನೌಕೆಯ ವಿಕಿರಣವಂತೆ ಎಂದು ಟಿವಿಯಲ್ಲಿ ಯಾರೋ ಹೇಳುತ್ತಾರೆ. ಪಕ್ಕದಲ್ಲೇ ಇರುವ ಸೇನಾಧಿಕಾರಿ ಅದನ್ನು ಒಪ್ಪುವುದಿಲ್ಲ. ಸಿನಿಮಾ ಅದನ್ನು ಅಲ್ಲಿಗೇ ಬಿಡುತ್ತದೆ. ಸಮಾಧಾನ ಮಾಡಿ ಕಳಿಸಲು ಆಗದ ಭಯ ಇದು. ಬುಲೆಟ್ ತಲೆಗೇ ಹೊಡೆಯಬೇಕು, ಹೆಣ ಸುಡಬೇಕು, ಕಚ್ಚಿಸಿಕೊಂಡವರು ಉಳಿಯುವುದಿಲ್ಲ: ಮುಂದೆ ಜೋಂಬಿ (ಎದ್ದು ನಡೆಯುವ ಹೆಣ) ಸಿನಿಮಾಗಳೆಲ್ಲ ಪಾಲಿಸಿದ ನಿಯಮಗಳು ಒಟ್ಟಾಗಿ ಹುಟ್ಟಿದ್ದು ಇಲ್ಲಿ.

ಎರಡನೆಯದು ಮನೆಯೊಳಗಿನ ಜಗಳ. ಹೊರಗೆ ಹೆಣಗಳು ಸುತ್ತುವರಿದಿವೆ, ಒಳಗೆ ಏಳು ಜನ. ಬೆನ್ ಎಂಬವನು ಮೇಜು, ಬಾಗಿಲು ಒಡೆದು ಕಿಟಕಿಗಳಿಗೆ ಹಲಗೆ ಬಡಿದು ನೆಲಮಹಡಿಯಲ್ಲೇ ಕಾಯೋಣ ಎನ್ನುತ್ತಾನೆ. ಹೆಂಡತಿ, ಗಾಯಗೊಂಡ ಮಗಳೊಂದಿಗೆ ನೆಲಮಾಳಿಗೆಯಲ್ಲಿ ಅಡಗಿದ್ದ ಹ್ಯಾರಿ ಕೂಪರ್, ಒಂದೇ ಬಾಗಿಲಿರುವ ಕೆಳಗಿನ ಜಾಗವೇ ಕ್ಷೇಮ ಎನ್ನುತ್ತಾನೆ. ಹೆಣಗಳಿಗಿಂತ ಹೆಚ್ಚು ಸಮಯ ಸಿನಿಮಾ ಕೊಡುವುದು ಈ ವಾದಕ್ಕೆ. ಕೂಪರ್ ಹೇಡಿ, ಬಾಯಿ ಹರುಕ, ಯಾರಿಗೂ ಹಿಡಿಸದ ಮನುಷ್ಯ. ಆದ್ದರಿಂದ ನಾವು ಬೆನ್ ಪಕ್ಷ. ಎರಡನೇ ಸಲ ನೋಡುವಾಗ ಮಾತ್ರ ಸ್ವಲ್ಪ ಇರುಸುಮುರುಸಾಗುತ್ತದೆ. ಮನುಷ್ಯ ಹಿಡಿಸಲಿಲ್ಲ ಎಂದ ಮಾತ್ರಕ್ಕೆ ಅವನ ಮಾತು ಸುಳ್ಳಾಗುತ್ತದೆಯೇ?

ಬೆನ್ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ನಟ. ಚಿತ್ರಕಥೆಯಲ್ಲಿ ಎಲ್ಲೂ ಬಣ್ಣದ ಮಾತಿರಲಿಲ್ಲ. ಆಡಿಷನ್‌ನಲ್ಲಿ ಅವನೇ ಚೆನ್ನಾಗಿ ಮಾಡಿದ, ಅದಕ್ಕೇ ತೆಗೆದುಕೊಂಡೆವು ಎಂದು ರೊಮೆರೊ ಹೇಳುತ್ತಲೇ ಬಂದರು. ಬರೆದಿದ್ದದ್ದು ಒರಟು ಲಾರಿ ಡ್ರೈವರನ ಮಾತು. ಓದಿಕೊಂಡ ಮನುಷ್ಯನಾದ ಜೋನ್ಸ್ ಅದನ್ನು ತನ್ನ ಬಾಯಿಗೆ ಹೊಂದುವಂತೆ ತಿದ್ದಿಕೊಂಡರು. 1968ರ ಅಮೆರಿಕದಲ್ಲಿ ಕಪ್ಪು ಮನುಷ್ಯನೊಬ್ಬ ಬಿಳಿಯರಿಗೆ ಅಪ್ಪಣೆ ಕೊಡುತ್ತಾನೆ, ಒಬ್ಬನ ಕಪಾಳಕ್ಕೂ ಹಾಕುತ್ತಾನೆ, ಅದರ ಬಗ್ಗೆ ಸಿನಿಮಾದಲ್ಲಿ ಯಾರೂ ಚಕಾರ ಎತ್ತುವುದಿಲ್ಲ. ಆ ಮೌನವೇ ಇಂದಿಗೂ ಮಾತಾಡುತ್ತಿದೆ. ಚಿತ್ರದ ಪ್ರಿಂಟ್ ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕಿಗೆ ಹೋಗುತ್ತಿದ್ದಾಗ, 1968ರ ಏಪ್ರಿಲ್ 4ರ ರಾತ್ರಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿಯನ್ನು ರೇಡಿಯೊದಲ್ಲಿ ಕೇಳಿದ್ದಾಗಿ ರೊಮೆರೊ ಹೇಳಿಕೊಂಡಿದ್ದಾರೆ.

ಮೂರನೆಯದು ಬಡತನ. ಬಣ್ಣದ ಫಿಲ್ಮಿಗೆ ದುಡ್ಡಿಲ್ಲ, ಆದ್ದರಿಂದ ಕಪ್ಪು-ಬಿಳುಪು. ಸಂಗೀತ ಬರೆಸಲು ದುಡ್ಡಿಲ್ಲ, ಆದ್ದರಿಂದ ಲೈಬ್ರರಿಯಿಂದ ತಂದ ಸಿದ್ಧ ಸಂಗೀತ. ರಕ್ತವೆಂದರೆ ಚಾಕೊಲೇಟ್ ಸಿರಪ್. ಹೆಣಗಳು ಕಿತ್ತು ತಿನ್ನುವುದು ಸುಟ್ಟ ಹಂದಿಮಾಂಸ ಮತ್ತು ಕರುಳು. ಕೂಪರನ ಮಗಳಾಗಿ ಬರುವ ಕೈರಾ ಶಾನ್, ಕೂಪರ್ ಆಗಿ ನಟಿಸಿದ ಕಾರ್ಲ್ ಹಾರ್ಡ್‌ಮನ್ ಅವರ ಸ್ವಂತ ಮಗಳು. ಟಿವಿ ವರದಿಗಾರನಾಗಿ ಕಾಣಿಸುವ ಬಿಲ್ ಕಾರ್ಡಿಲ್ ಪಿಟ್ಸ್‌ಬರ್ಗ್ ಜನ ದಿನಾ ಟಿವಿಯಲ್ಲಿ ನೋಡುತ್ತಿದ್ದ ಮುಖ. ಇದೆಲ್ಲ ಸೇರಿ ಸಿನಿಮಾಕ್ಕೆ ವಾರ್ತಾಚಿತ್ರದ ಕಳೆ ಬಂದಿದೆ. ಕಟ್ಟುಕಥೆ ನೋಡುತ್ತಿದ್ದೇವೆ ಎನ್ನುವುದಕ್ಕಿಂತ, ಯಾವುದೋ ಜಿಲ್ಲೆಯಲ್ಲಿ ನಿಜಕ್ಕೂ ನಡೆದದ್ದರ ರೀಲು ನಮ್ಮ ಕೈಗೆ ಸಿಕ್ಕಿದೆ ಎನಿಸುತ್ತದೆ.

ಪ್ರತಿ ಆರಿಸುವಾಗ ನೋಡಬೇಕಾದದ್ದು ಇವೇ ಮೂರು: ಕಾರಣವಿಲ್ಲದ ಹೆಣಗಳು, ಮನೆಯೊಳಗಿನ ಜಗಳ, ವಾರ್ತಾಚಿತ್ರದ ಕಳೆ. ಯಾವ ಪ್ರತಿ ಇವುಗಳ ತಂಟೆಗೆ ಹೋಗಿಲ್ಲವೋ ಅದು ಒಳ್ಳೆಯದು.

ಕಪ್ಪು-ಬಿಳುಪು: ಹಳೆಯ ಪ್ರತಿಯೋ ದುರಸ್ತಿಯಾದದ್ದೋ

ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ, ಸಿನಿಮಾ ತಂಡದ ಬಳಿಯೇ ಉಳಿದಿದ್ದ ಮೂಲ ಕ್ಯಾಮೆರಾ ನೆಗೆಟಿವ್‌ನಿಂದ ಇದನ್ನು 4ಕೆಯಲ್ಲಿ ದುರಸ್ತಿ ಮಾಡಿಸಿದವು. ರೊಮೆರೊ ಮತ್ತು ಸಹಲೇಖಕ ಜಾನ್ ರುಸ್ಸೊ ಸೇರಿ ಹಳೆಯ ತಂಡದವರೇ ಮೇಲ್ವಿಚಾರಣೆ ಮಾಡಿದರು. 2016ರಲ್ಲಿ ಅದೇ ಮ್ಯೂಸಿಯಂನಲ್ಲಿ ಪ್ರದರ್ಶನವಾಯಿತು, 2018ರಲ್ಲಿ ಕ್ರೈಟೀರಿಯನ್ ಸಂಸ್ಥೆ ಡಿಸ್ಕ್ ತಂದಿತು. ರೊಮೆರೊ 2017ರ ಜುಲೈನಲ್ಲಿ ತೀರಿಕೊಂಡರು. ದುರಸ್ತಿಯಾದ ಪ್ರತಿಯನ್ನು ಅವರು ನೋಡಿದ್ದರು ಎನ್ನುವುದೊಂದು ಸಮಾಧಾನ.

ಹಳೆಯ ಪ್ರತಿಗಳಲ್ಲಿ ಬಿಳಿ ಎಲ್ಲ ಸುಣ್ಣದಂತೆ ಸುಟ್ಟು, ಕಪ್ಪು ಎಲ್ಲ ಮಸಿಯಾಗಿ, ಮಧ್ಯದ ಬೂದು ಮಾಯವಾಗಿರುತ್ತದೆ. ಕತ್ತಲೆಯ ಹೊಲದಲ್ಲಿ ನಿಂತ ಹೆಣಗಳು ಬರೀ ಕಲೆಗಳು. ದುರಸ್ತಿಯಾದ ಪ್ರತಿಯಲ್ಲಿ ಅವುಗಳ ಮುಖ ಕಾಣುತ್ತದೆ, ಮೈಮೇಲಿನ ಬಟ್ಟೆ ಕಾಣುತ್ತದೆ. ಒಬ್ಬರು ನೈಟಿಯಲ್ಲಿ, ಒಬ್ಬರು ಕೋಟಿನಲ್ಲಿ. ಸಾಯುವಾಗ ಹೇಗಿದ್ದರೋ ಹಾಗೇ ಎದ್ದುಬಂದ ಅಕ್ಕಪಕ್ಕದ ಮನೆಯವರು. ಭಯ ಹೆಚ್ಚುವುದು ಅಲ್ಲಿ. ಇಡೀ ಸಿನಿಮಾ ಬರೀ ಹಾಸ್ಯಾಸ್ಪದವಾಗಿ ಕಂಡಿದ್ದವರಿಗೂ ಈ ಪ್ರತಿಯನ್ನು ಇನ್ನೊಮ್ಮೆ ನೋಡಿ ಎನ್ನುತ್ತೇನೆ.

ಮಸುಕು ಪ್ರತಿಯೇ ಚೆಂದ, ಅದರಲ್ಲೇ ವಾರ್ತಾಚಿತ್ರದ ಕಳೆ ಇರುವುದು ಎಂದು ವಾದಿಸುವವರೂ ಇದ್ದಾರೆ. ವಾದ ಪೂರ್ತಿ ಸುಳ್ಳಲ್ಲ, ದಶಕಗಳ ಕಾಲ ಜನ ಹೆದರಿದ್ದು ಮಸುಕು ಪ್ರತಿ ನೋಡಿಯೇ. ಆದರೆ ರೊಮೆರೊ ಸ್ವತಃ ಹಿಡಿದ ನೆರಳು-ಬೆಳಕಿನ ಲೆಕ್ಕ ಬಹಳ ಜಾಣ್ಮೆಯದು. ಅದನ್ನು ನಕಲು ಮಾಡಿದವರ ಸೋಮಾರಿತನದ ಜೊತೆ ಗುಡ್ಡೆ ಹಾಕುವುದು ಸರಿಯಲ್ಲ.

ಕೈಗೆ ಸಿಕ್ಕಿದ ಪ್ರತಿ ಸರಿಯಾದದ್ದೇ ಎಂದು ತಿಳಿಯಲು ಕೆಲವು ಗುರುತುಗಳಿವೆ. ಅವಧಿ ಸುಮಾರು 96 ನಿಮಿಷ ಇರಬೇಕು. ಮೊದಲ ದೃಶ್ಯದಲ್ಲಿ ಖಾಲಿ ರಸ್ತೆಯ ಮೇಲೆ ದೂರದಿಂದ ಒಂದು ಕಾರು ಬರಬೇಕು, ಬೇರೇನೂ ಅಲ್ಲ. ಚಿತ್ರ ಹಳೆಯ ಟಿವಿಯ ಹಾಗೆ ಚೌಕಾಕಾರದಲ್ಲಿ, ಎರಡು ಕಡೆ ಕಪ್ಪು ಪಟ್ಟಿಯೊಂದಿಗೆ ಇರಬೇಕು. ಪರದೆ ತುಂಬಿದ್ದರೆ ಮೇಲೆ ಕೆಳಗೆ ಕತ್ತರಿಸಿದ್ದಾರೆ ಎಂದರ್ಥ. ಸಬ್‌ಟೈಟಲ್ ಇದ್ದರೆ ಒಳ್ಳೆಯದು, ಯಾಕೆಂದರೆ ಪಾತ್ರಗಳು ಕಿತ್ತಾಡುತ್ತಿರುವಾಗಲೇ ಹಿಂದೆ ರೇಡಿಯೊ, ಟಿವಿ ಸುದ್ದಿ ಓಡುತ್ತಿರುತ್ತದೆ, ಕಥೆಯ ಅರ್ಧ ಅದರಲ್ಲಿದೆ.

ಬಣ್ಣ ಹಚ್ಚಿದವು

1986ರಲ್ಲಿ ಹಾಲ್ ರೋಚ್ ಸ್ಟುಡಿಯೋಸ್ ಮೊದಲು ಬಣ್ಣ ಹಚ್ಚಿತು. ಹೆಣಗಳಿಗೆ ಹಚ್ಚಿದ್ದು ಹಸಿರು. 2004ರಲ್ಲಿ ಲೆಜೆಂಡ್ ಫಿಲ್ಮ್ಸ್ ಮಾಡಿದ್ದು ಅದಕ್ಕಿಂತ ಎಷ್ಟೋ ವಾಸಿ. ಕಪ್ಪು-ಬಿಳುಪೆಂದರೆ ಎದ್ದುಹೋಗುವ ಮಕ್ಕಳನ್ನು ಕೂರಿಸಲು ಇದೊಂದು ದಾರಿ ಎನ್ನುವವರಿದ್ದಾರೆ. ನನಗೇನೂ ಹಾಗನ್ನಿಸುವುದಿಲ್ಲ. ಕಪ್ಪು-ಬಿಳುಪಿನಲ್ಲಿ ಸತ್ತವರು ಯಾರು, ಬದುಕಿದವರು ಯಾರು ಎಂದು ದೂರದಿಂದ ಗೊತ್ತಾಗುವುದಿಲ್ಲ; ಮೊದಲ ದೃಶ್ಯದಲ್ಲಿ ಸ್ಮಶಾನದೊಳಗೆ ತೂರಾಡುತ್ತ ಬರುವ ಮನುಷ್ಯನನ್ನು ಬಾರ್ಬ್ರಾ ಮತ್ತು ಅವಳ ಅಣ್ಣ ಜಾನಿ ಯಾರೋ ದಾರಿಹೋಕ ಎಂದುಕೊಳ್ಳುವುದು, ನಾವೂ ಹಾಗೇ ಅಂದುಕೊಳ್ಳುವುದು ಅದರಿಂದಲೇ. ಅವನ ಮುಖಕ್ಕೆ ಹಸಿರು ಬಳಿದರೆ ಆ ದೃಶ್ಯ ಅಲ್ಲಿಗೆ ಮುಗಿಯಿತು. ಕೊನೆಯ ದೃಶ್ಯಕ್ಕೂ ಈ ಮಾತು ಅನ್ವಯಿಸುತ್ತದೆ, ಅದನ್ನು ಮುಂದೆ ಹೇಳುತ್ತೇನೆ.

30ನೇ ವರ್ಷದ ಆವೃತ್ತಿ

ಇದನ್ನು ಮಾಡಿದವರು ಹೊರಗಿನವರಲ್ಲ, ಸಹಲೇಖಕ ಜಾನ್ ರುಸ್ಸೊ. ಬಿಡುಗಡೆಯಾದದ್ದು 1999ರಲ್ಲಿ. ರೊಮೆರೊ ಇದರಲ್ಲಿ ಕೈಹಾಕಲಿಲ್ಲ. ಹೊಸದಾಗಿ ಕೆಲವು ದೃಶ್ಯ ಚಿತ್ರೀಕರಿಸಿ ಒಳಗೆ ತುರುಕಿ, ಮೂಲದ ಒಂದಷ್ಟನ್ನು ಕತ್ತರಿಸಿ, ಸಂಗೀತವನ್ನೂ ಬದಲಿಸಿದ್ದಾರೆ. ಸ್ಮಶಾನದ ಹೆಣವಾಗಿ ನಟಿಸಿದ್ದ ಬಿಲ್ ಹಿಂಜ್‌ಮನ್ ಅವರನ್ನೇ ಮತ್ತೆ ಕರೆಸಿದರು. ಮೂವತ್ತು ವರ್ಷ ಹೆಚ್ಚು ವಯಸ್ಸಾದ ಹೆಣ ಮುಂದಿನ ಶಾಟ್‌ನಲ್ಲಿ ತರುಣನಾಗಿಬಿಡುತ್ತದೆ.

ಅದು ನಗಿಸುತ್ತದೆ, ಹೋಗಲಿ. ನಿಜವಾದ ಕೇಡು ಕಥೆಯಲ್ಲಿದೆ. ಹೊಸ ಆರಂಭದ ಪ್ರಕಾರ ಆ ಹೆಣ ಮಕ್ಕಳನ್ನು ಕೊಂದ ಪಾತಕಿಯದು. ಜೊತೆಗೊಬ್ಬ ಪಾದ್ರಿಯೂ ಬರುತ್ತಾನೆ. ಅಂದರೆ ಯಾವ ಹಿಂದಿನ ಕಥೆ ಇಲ್ಲದ್ದರಿಂದಲೇ ಸಿನಿಮಾ ಬೇರೆಯಾಗಿ ನಿಂತಿತ್ತೋ ಆ ಹಿಂದಿನ ಕಥೆಯನ್ನು ಮೂವತ್ತು ವರ್ಷ ಕಳೆದಮೇಲೆ ತಂದು ಅಂಟಿಸಿದರು. ಶುರುವಿನಲ್ಲೇ ಶವಪೆಟ್ಟಿಗೆ ಹೊತ್ತ ಗಾಡಿ ಕಂಡರೆ ಅಲ್ಲಿಗೇ ನಿಲ್ಲಿಸಿಬಿಡಿ.

1990ರ ರೀಮೇಕ್

ಇದು ಮಾತ್ರ ಗಂಭೀರವಾಗಿ ನೋಡಬೇಕಾದ ಸಿನಿಮಾ. ಚಿತ್ರಕಥೆಯನ್ನು ರೊಮೆರೊ ತಾವೇ ಹೊಸದಾಗಿ ಬರೆದರು. ಮೂಲದಿಂದ ದಕ್ಕದ ದುಡ್ಡು, ಹಕ್ಕು ಇದರಿಂದಲಾದರೂ ಸಿಗಲಿ ಎನ್ನುವುದು ರೀಮೇಕಿನ ಹಿಂದಿದ್ದ ಒಂದು ಕಾರಣ. ನಿರ್ದೇಶಿಸಿದ್ದು ಟಾಮ್ ಸವಿನಿ, ರೊಮೆರೊನ ಮುಂದಿನ ಸಿನಿಮಾಗಳಿಗೆ ಮೇಕಪ್, ಗಾಯ, ರಕ್ತ ಒದಗಿಸಿದ ಕೈ. 1968ರದಕ್ಕೂ ಅವರೇ ಕೆಲಸ ಮಾಡಬೇಕಿತ್ತು. ಅಷ್ಟರಲ್ಲಿ ಸೈನ್ಯದ ಫೋಟೋಗ್ರಾಫರ್ ಆಗಿ ವಿಯೆಟ್ನಾಂಗೆ ಹೋಗಬೇಕಾಯಿತು. ರಕ್ತಸಿಕ್ತ ದೃಶ್ಯಗಳಿಗೆ ಹೆಸರಾದ ಸವಿನಿಯ ಕೈಯಿಂದ ಬಂದ ಈ ಸಿನಿಮಾ ನಿರೀಕ್ಷೆಗಿಂತ ಸಂಯಮದ್ದು, ಒಂದು ಭಾಗ ಸೆನ್ಸಾರಿನ ಕತ್ತರಿಯ ಪುಣ್ಯ.

ಬೆನ್ ಪಾತ್ರದಲ್ಲಿ ಟೋನಿ ಟಾಡ್. ಒಳ್ಳೆಯ ನಟ, ಆದರೂ ಡ್ವೇನ್ ಜೋನ್ಸ್‌ರ ತಣ್ಣಗಿನ ಗತ್ತು ಇಲ್ಲಿಲ್ಲ. ಲಾಭವಾಗಿರುವುದು ಬಾರ್ಬರಾ ಕಡೆಯಿಂದ. ಮೂಲದಲ್ಲಿ ಜೂಡಿತ್ ಓಡಿಯ ಬಾರ್ಬ್ರಾ ಅಣ್ಣನ ಸಾವು ಕಂಡಮೇಲೆ ಮಾತು ಕಳೆದುಕೊಂಡು ಸೋಫಾ ಹಿಡಿದುಬಿಡುತ್ತಾಳೆ. ಆ ಆಘಾತ ನಿಜವೇ ಇರಬಹುದು, ಆದರೆ ಇಂದು ನೋಡುವ ಹೆಣ್ಣುಮಕ್ಕಳಿಗೆ ಸಿಟ್ಟು ಬರಿಸುವ ಪಾತ್ರ ಅದು. ಪೆಟ್ರೀಷಿಯಾ ಟಾಲ್‌ಮನ್ ಮಾಡಿದ ಬಾರ್ಬರಾ ಅರ್ಧ ಸಿನಿಮಾದಲ್ಲಿ ಬಂದೂಕು ಹಿಡಿದಿರುತ್ತಾಳೆ. ಅದಕ್ಕಿಂತ ಮುಖ್ಯವಾಗಿ, ಎಲ್ಲರೂ ಮೇಲೋ ಕೆಳಗೋ ಎಂದು ಕಚ್ಚಾಡುತ್ತಿರುವಾಗ, ಈ ಹೆಣಗಳು ಎಷ್ಟು ನಿಧಾನ, ಪಕ್ಕದಲ್ಲೇ ನಡೆದುಹೋಗಬಹುದಲ್ಲ ಎನ್ನುವವಳು ಅವಳೊಬ್ಬಳೇ. ಮೂಲ ನೋಡಿದ ಪ್ರತಿಯೊಬ್ಬರ ತಲೆಯಲ್ಲಿ ಸುಳಿದ ಪ್ರಶ್ನೆಯನ್ನು ರೊಮೆರೊ ಇಪ್ಪತ್ತೆರಡು ವರ್ಷದ ಮೇಲೆ ತಾವೇ ಕೇಳಿಕೊಂಡಿದ್ದಾರೆ.

ಮೂಲ ನೋಡದೆ ಇದನ್ನು ನೋಡಿದರೆ ಇದೊಂದು ಅಚ್ಚುಕಟ್ಟಾದ ಹಾರರ್ ಸಿನಿಮಾ. ಮೂಲ ನೋಡಿ ಬಂದರೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕಾಲು ಜಾರಿಸುತ್ತದೆ, ಯಾಕೆಂದರೆ ನಿಮಗೆ ಗೊತ್ತಿರುವುದು ನಡೆಯುವುದಿಲ್ಲ. ಹಾಗಾಗಿ ಕ್ರಮ ತಪ್ಪಿಸಬೇಡಿ. ಇದಕ್ಕೆ ಹಕ್ಕುದಾರರಿದ್ದಾರೆ, ದುಡ್ಡು ಕೊಟ್ಟು ನೋಡಬೇಕು.

ಎರಡೂ ಕೊನೆಗಳು

ಈ ಭಾಗದಲ್ಲಿ ಕ್ಲೈಮ್ಯಾಕ್ಸ್ ಬಿಚ್ಚಿಡುತ್ತಿದ್ದೇನೆ. ನೋಡದವರು ಮುಂದಿನ ತಲೆಬರಹಕ್ಕೆ ಹಾರಿ.

1968ರದರಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಮನೆಯಲ್ಲಿ ಬೆನ್ ಒಬ್ಬನೇ ಉಳಿದಿರುತ್ತಾನೆ. ಉಳಿದದ್ದು ಎಲ್ಲಿ? ತಾನು ಹೋಗುವುದಿಲ್ಲ ಎಂದು ಹಟ ಹಿಡಿದಿದ್ದ ನೆಲಮಾಳಿಗೆಯಲ್ಲಿ. ಬೆಳಿಗ್ಗೆ ನಾಯಿ, ಬಂದೂಕು ಹಿಡಿದು ಅಲ್ಲಿನ ಪೊಲೀಸ್ ಮುಖ್ಯಸ್ಥನಾದ ಶೆರಿಫ್‌ನ ತಂಡ ಬರುತ್ತದೆ. ಕಿಟಕಿಯಲ್ಲಿ ಕಂಡ ಬೆನ್ ಹಣೆಗೆ ಅವರಲ್ಲೊಬ್ಬ ಗುಂಡು ಹೊಡೆಯುತ್ತಾನೆ. ಹೆಣವೆಂದುಕೊಂಡನೋ, ನೋಡುವ ಗೋಜಿಗೇ ಹೋಗಲಿಲ್ಲವೋ, ಸಿನಿಮಾ ಹೇಳುವುದಿಲ್ಲ. ಆಮೇಲೆ ಚಲಿಸುವ ಚಿತ್ರವೂ ನಿಂತುಹೋಗಿ ಪತ್ರಿಕೆಯ ಫೋಟೋಗಳಂತಹ ಕಾಳುಕಾಳಾದ ಸ್ಥಿರಚಿತ್ರಗಳು: ಕೊಕ್ಕೆ ಹಿಡಿದ ಬಿಳಿಯರು, ಎಳೆದೊಯ್ಯುವ ದೇಹ, ಸೌದೆಯ ಗುಡ್ಡೆ. ಆ ಕಾಲದ ಅಮೆರಿಕನ್ನರು ಕಪ್ಪು ಜನರ ಮೇಲಿನ ಹಿಂಸೆಯ ಇಂಥ ಫೋಟೋಗಳನ್ನು ಪತ್ರಿಕೆಯಲ್ಲಿ ನೋಡಿದ್ದರು. ಬಣ್ಣ ಹಚ್ಚಿದ ಪ್ರತಿಯಲ್ಲಿ ಈ ಫೋಟೋಗಳ ಬಲ ಪೂರ್ತಿ ಸೋರಿಹೋಗುತ್ತದೆ.

1990ರಲ್ಲಿ ಬಾರ್ಬರಾ ನಡೆದು ಪಾರಾಗುತ್ತಾಳೆ. ಬೆಳಿಗ್ಗೆ ಬಂದೂಕಿನ ಜನ ಹೆಣಗಳನ್ನು ಮರಕ್ಕೆ ನೇತುಹಾಕಿ ಆಟವಾಡುವುದನ್ನು ಕಾಣುತ್ತಾಳೆ. ಮನೆಗೆ ಹಿಂದಿರುಗಿದರೆ ಬೆನ್ ಹೆಣವಾಗಿ ಎದ್ದಿದ್ದಾನೆ. ಅಟ್ಟದಲ್ಲಿ ಅಡಗಿ ಬದುಕಿದ ಕೂಪರ್ ಕೆಳಗಿಳಿಯುತ್ತಾನೆ. ಅವಳು ಕೂಪರನಿಗೆ ಗುಂಡು ಹೊಡೆದು, ಬೆಂಕಿಗೆ ಇನ್ನೊಂದು ಇದೆ ಎಂದು ಹೊರಗಿನವರಿಗೆ ಹೇಳುತ್ತಾಳೆ. ನೋಡುವಾಗ ಕೈತಟ್ಟಬೇಕೆನಿಸುವ ಕೊನೆ ಇದು, ಆಮೇಲೆ ಅನಿಸಿದ್ದಕ್ಕೆ ನಾಚಿಕೆಯಾಗುತ್ತದೆ. ಮೂಲದ ಕೊನೆಯಲ್ಲಿ ಕೈತಟ್ಟಲು ಏನೂ ಇಲ್ಲ. ನನ್ನ ಮತ ಮೂಲಕ್ಕೇ. ರೀಮೇಕಿನಲ್ಲಿ ತಪ್ಪಿತಸ್ಥ ಸಿಕ್ಕಿ ಶಿಕ್ಷೆಯಾಗುತ್ತದೆ, ಮೂಲದಲ್ಲಿ ಶಿಕ್ಷೆ ಕೊಡಲು ಯಾರೂ ಸಿಗುವುದಿಲ್ಲ.

ಮಕ್ಕಳ ಜೊತೆ ನೋಡುವ ಮುನ್ನ

ಹಳೆಯ ಕಪ್ಪು-ಬಿಳುಪು ಸಿನಿಮಾ, ಏನು ಮಹಾ ಇರುತ್ತದೆ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ವಯಸ್ಸಿನ ರೇಟಿಂಗ್ ಪದ್ಧತಿ ಶುರುವಾದದ್ದು 1968ರ ನವೆಂಬರ್‌ನಲ್ಲಿ, ಈ ಸಿನಿಮಾ ಬಂದ ಒಂದು ತಿಂಗಳಿಗೆ. ಹಗಲಿನ ಆಟಕ್ಕೆ ಮಕ್ಕಳು ತಾವೇ ಟಿಕೆಟ್ ತೆಗೆದುಕೊಂಡು ಹೋದರು. ಶುರುವಿನಲ್ಲಿ ಕಿರುಚಿ ಖುಷಿಪಟ್ಟ ಮಕ್ಕಳು ಬರಬರುತ್ತ ಸದ್ದಿಲ್ಲದಾಗಿ, ಕೆಲವರು ಅಳುತ್ತ ಕೂತದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಬರೆದಿದ್ದಾರೆ. ಹೆಣಗಳು ಮಾಂಸ ತಿನ್ನುವ ದೃಶ್ಯ ಮತ್ತು ನೆಲಮಾಳಿಗೆಯಲ್ಲಿ ಮಗಳು ತಾಯಿಯತ್ತ ಬರುವ ದೃಶ್ಯ ಇಂದಿಗೂ ಸಣ್ಣವರಿಗಲ್ಲ. ಹೈಸ್ಕೂಲು ದಾಟಿದವರಿಗೆ ಸರಿ. 1990ರದು ಇನ್ನೂ ನೇರ, ಬಣ್ಣದ್ದು, ಅದಕ್ಕೆ ವಯಸ್ಸು ಇನ್ನಷ್ಟು ಆಗಿರಲಿ.

2006ರ 3ಡಿ ಬಗ್ಗೆ ಹೇಳಲಿಲ್ಲ ಎನ್ನಬಹುದು. ಮೂಲದ ಹಕ್ಕು ಯಾರದೂ ಅಲ್ಲ ಎಂಬುದೊಂದೇ ಅದು ಹುಟ್ಟಲು ಕಾರಣವೆನ್ನುವಂತಿದೆ.

ಮೂಲ ಹಿಡಿಸಿದರೆ ಮುಂದೇನು

ರೊಮೆರೊನ 1978ರ ‘ಡಾನ್ ಆಫ್ ದಿ ಡೆಡ್’. ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್ ಮಾಲ್‌ನಲ್ಲಿ ತೆಗೆದದ್ದು. ಇಲ್ಲಿಯೂ ಆರಿಸುವ ಕಷ್ಟ ತಪ್ಪುವುದಿಲ್ಲ, ಬೇರೆ ಬೇರೆ ಉದ್ದಕ್ಕೆ ಜೋಡಿಸಿದ ಮೂರು ಕಟ್‌ಗಳಿವೆ. ಅಮೆರಿಕದ ಥಿಯೇಟರುಗಳಿಗೆ ಬಂದದ್ದು 127 ನಿಮಿಷ. ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೆಂದು ಅವಸರದಲ್ಲಿ ಜೋಡಿಸಿದ್ದು 139 ನಿಮಿಷ, ಎಳೆದಂತಿದೆ. ಇಟಲಿಯ ನಿರ್ದೇಶಕ ದಾರಿಯೊ ಅರ್ಜೆಂಟೊ ಯುರೋಪಿಗಾಗಿ ಕತ್ತರಿಸಿದ್ದು ಸುಮಾರು ಎರಡು ಗಂಟೆ. ಗಾಬ್ಲಿನ್ ತಂಡದ ಸಂಗೀತ ಅದರಲ್ಲಿ ಹೆಚ್ಚು, ತಮಾಷೆ ಕಡಿಮೆ. ರೊಮೆರೊ ತಮ್ಮದೆಂದು ಒಪ್ಪಿಕೊಂಡದ್ದು 127 ನಿಮಿಷದ್ದು. ಮಾಲ್‌ನ ಎಸ್ಕಲೇಟರ್ ಮೇಲೆ ಹೆಣಗಳು ಎಡವುವಾಗ ನಗು ಬರುವುದು ಅದರಲ್ಲೇ, ಮೊದಲು ಅದನ್ನೇ ಹಾಕಿಕೊಳ್ಳಿ.